ಮೇಲಿದ್ದವನ ಪಾಲು

ಮೀನು ತಿನ್ನದವನೊಬ್ಬ ಮೀನು ಹೊಡೆಯಲು ಕಡಲಿಗೆ ಹೋದನೆಂದರೆ ಕೇಳಿದವರು ನಗುವುದು ಸಹಜ. ಹೋದವನು ವಿಜಯಪುರದವನೆಂದೂ, ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವವನೆಂದೂ ತಿಳಿದರೆ ಆ ನಗೆ ಇನ್ನಷ್ಟು ಬಲಿಯುತ್ತದೆ. ನಮ್ಮ ಊರಿಗೂ ನೀರಿಗೂ ಇರುವ ನಂಟು ಸಾಹುಕಾರನಿಗೂ ಸಾಲ ಒಯ್ದವನಿಗೂ ಇರುವ ನಂಟಿನಂಥದು. ನಾವು ಅದನ್ನು ಹಗಲಿರುಳೂ ನೆನೆಯುತ್ತೇವೆ, ಅದು ಮಾತ್ರ ಇತ್ತ ಮುಖ ಹಾಕುವುದಿಲ್ಲ. ಆದಿಲಶಾಹಿ ಅರಸರು ಈ ಸತ್ಯವನ್ನು ಬೇಗನೆ ಕಂಡುಕೊಂಡರು. ೧೫೭೯ರಲ್ಲಿ ಚಾಂದ ಬಾವಡಿ, ೧೬೨೦ರಲ್ಲಿ ತಾಜ ಬಾವಡಿ, ೧೬೫೧ರಲ್ಲಿ ಬೇಗಂ ತಲಾಬ ಎಂದು, ತಮಗೆ ಗುಮ್ಮಟ ಕಟ್ಟಿಕೊಂಡಂತೆ ನೀರಿಗೂ ಅರಮನೆ ಕಟ್ಟಿಸಿದರು. ೨೦೧೪ರಲ್ಲಿ ಬಿಜಾಪುರವೆಂಬ ಹೆಸರು ಹೋಗಿ ವಿಜಯಪುರವೆಂದಾಯಿತು. ನೀರಿನ ಚಿಂತೆ ಮಾತ್ರ ತನ್ನ ಹೆಸರನ್ನು ಬದಲಿಸಿಕೊಳ್ಳಲಿಲ್ಲ.

ಹಾಗೆಂದು ನಮಗೆ ಈಸು ಬಾರದೆಂದು ಯಾರೂ ತಿಳಿಯಬಾರದು. ನಮ್ಮ ಕಡೆ ನೀರು ಅಗಲವಾಗಿಲ್ಲ, ಆಳವಾಗಿದೆ, ಅಷ್ಟೆ. ಜೋರಾಪುರ ಪೇಟೆಯ ಹುಡುಗರಾದ ನಾವು ಬೇಸಿಗೆಯ ರಜೆ ಬಂತೆಂದರೆ ತಿಕೋಟಾ, ಬಬಲೇಶ್ವರದ ಕಡೆಯ ಬಂಧುಗಳ ಹೊಲಗಳಿಗೆ ಓಡುತ್ತಿದ್ದೆವು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಗೆ ಬಿದ್ದವರು ನಾಲ್ಕಾರು ದಿನಗಳಲ್ಲಿ ಬುರುಡೆ ಬಿಚ್ಚುತ್ತಿದ್ದೆವು. ಆಮೇಲಿನ ಪರೀಕ್ಷೆ ಒಂದೇ: ತಳಕ್ಕೆ ಮುಳುಗಿ ಒಂದು ಹಿಡಿ ರಾಡಿ ತರಬೇಕು. ರಾಡಿ ತಂದವನು ಪಾಸು, ಬರಿಗೈಯಲ್ಲಿ ಬಂದವನು ನಪಾಸು. ಪಾಸಾದವರಿಗೆ ಬಡ್ತಿಯೂ ಇತ್ತು. ಯಾರದಾದರೂ ಕೊಡ ಬಾವಿಗೆ ಬಿದ್ದರೆ ಪಾತಾಳಗರಡಿ ಬಿಡುವ ಬದಲು ನಮ್ಮನ್ನೇ ಬಿಡುತ್ತಿದ್ದರು. ಈ ವಿದ್ಯಾಪೀಠಕ್ಕೆ ನಮ್ಮಜ್ಜನೇ ಕುಲಪತಿ. ಬಾವಿಗಟ್ಟೆಯ ಮೇಲೆ ಕೂತು, ಪಟಕಾ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡಿರುತ್ತಿದ್ದ. ಬಿಸಿಲಿಗೆಂದೇ ತಲೆಗೆ ಸುತ್ತುವ ಬಟ್ಟೆಯನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ಬಿಚ್ಚುವುದೇಕೆಂದು ನಾವು ಯಾರೂ ವಿಚಾರಿಸಲಿಲ್ಲ. ಬಿಚ್ಚಿದ ಪಟಕಾ ಕಟ್ಟೆಯಿಂದ ನೀರಿಗೆ ಮುಟ್ಟುವಷ್ಟು ಉದ್ದವಿತ್ತು. ಅವನ ಪಾಠವೂ ಚಿಕ್ಕದು: “ಎಷ್ಟ ಮಂದಿ ಇಳದೀರಿ, ಅಷ್ಟ ಮಂದಿ ಹೊರಗ ಬರ್ರಿ.”

ಆ ವಿದ್ಯಾಪೀಠದ ನನ್ನ ಸಹಪಾಠಿಯೊಬ್ಬ ಬ್ಯಾಂಕಿನ ನೌಕರಿ ಹಿಡಿದು, ಊರೂರು ತಿರುಗಿ, ಈಗ ಹೊನ್ನಾವರದಲ್ಲಿ ನೆಲೆಸಿದ್ದಾನೆ. ಕರಾವಳಿಗೆ ಹೋದವನು ಮೊದಲು ಮೀನು ತಿನ್ನುವುದನ್ನು ಕಲಿತ. ಆಮೇಲೆ ಅಂಡಮಾನಿಗೆ ಹೋಗಿ, ಒಂದೇ ಉಸಿರಿನಲ್ಲಿ ಕಡಲಾಳಕ್ಕೆ ಇಳಿಯುವುದನ್ನು ಗುರುಮುಖೇನ ಕಲಿತುಬಂದ. ಬೆನ್ನಿಗೆ ಗಾಳಿಯ ಸಿಲಿಂಡರು ಇಲ್ಲ, ಕೊಳವೆಯಿಲ್ಲ. ಎದೆಯಲ್ಲಿ ಹಿಡಿಸಿದಷ್ಟೇ ಬುತ್ತಿ. ಕೊನೆಗೆ ಈಟಿಬಂದೂಕನ್ನೂ ಕೊಂಡ. ಅವನಿಗೆ ಅಲ್ಲಿಯ ಹೈಸ್ಕೂಲಿನ ಡ್ರಿಲ್ ಮಾಸ್ತರರೊಬ್ಬರು ಜೊತೆಗಾರರಾಗಿ ಸಿಕ್ಕರು. ಅವರು ಹುಟ್ಟು ಕಡಲಿಗರು, ಬಂಡೆಗೆ ಕಚ್ಚಿದ ನೀಲಿಕಲ್ಲನ್ನು ಮುಳುಗಿ ಮುಳುಗಿ ಕಿತ್ತು ಬೆಳೆದವರು. ನೀಲಿಕಲ್ಲೆಂದರೆ ಕಲ್ಲಲ್ಲ, ಹಸಿರು ಚಿಪ್ಪಿನ ಒಂದು ಜೀವಿ. ಕರಾವಳಿಯವರಿಗೆ ಅದೊಂದು ಸವಿಯೂಟ.

ಕಳೆದ ಡಿಸೆಂಬರಿನ ಕೊನೆಯ ವಾರದಲ್ಲಿ ಗೆಳೆಯನ ಫೋನು ಬಂತು. “ಲೇ, ಒಮ್ಮೆ ಬಾ ಲೇ. ನೀ ಮುಳುಗಬ್ಯಾಡ, ಮೀನ ಮುಟ್ಟಬ್ಯಾಡ. ಮ್ಯಾಲ ಇದ್ದು ನೋಡು, ಸಾಕು.” ಮೇಲಿದ್ದು ನೋಡುವುದು ಅಧ್ಯಾಪಕರಿಗೆ ಅಭ್ಯಾಸವಾದ ಕೆಲಸವೇ. ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ಅದನ್ನೇ ಮಾಡುತ್ತೇವೆ. ಆಗಲೆಂದು ರಾತ್ರಿಯ ಬಸ್ಸು ಹತ್ತಿದೆ.

ಮರುದಿನ ನಸುಕಿನಲ್ಲಿ ಶರಾವತಿಯ ಅಳಿವೆಯಿಂದ ನಮ್ಮ ನಾಡದೋಣಿ ಹೊರಟಿತು. ನದಿ ಕಡಲನ್ನು ಕೂಡುವಲ್ಲಿ ಮರಳಿನ ದಿಬ್ಬಗಳು ನೀರೊಳಗೆ ಅಡಗಿಕೊಂಡಿರುತ್ತವೆ. ಅವನ್ನು ತಪ್ಪಿಸಿ ಹೋಗುವುದು ಗೊತ್ತಿದ್ದವರ ಕೆಲಸ. ದೋಣಿಯ ತಾಂಡೇಲರು ಅರುವತ್ತು ದಾಟಿದ ಮುದುಕರು. ಅಳಿವೆ ದಾಟುವವರೆಗೆ ಅವರೂ ಮಾತಾಡಲಿಲ್ಲ, ನಮ್ಮನ್ನೂ ಮಾತಾಡಗೊಡಲಿಲ್ಲ. ದಾಟಿದ ಮೇಲೆ ಎದುರಿಗೆ ಬಸವರಾಜದುರ್ಗವೆಂಬ ನಡುಗಡ್ಡೆ ಕಾಣಿಸಿತು. ಕೆಳದಿಯ ರಾಜಕುಮಾರನ ಹೆಸರು ಹೊತ್ತು, ತಲೆಯ ಮೇಲೆ ಹಳೆಯ ಕೋಟೆಯನ್ನು ಹೊತ್ತು, ಸುತ್ತಲೂ ಬಂಡೆಗಳ ಸಾಲನ್ನು ಕಟ್ಟಿಕೊಂಡು ನಿಂತಿದೆ. ಮಳೆಗಾಲದ ಕೆಂಪು ನೀರೆಲ್ಲ ತಿಳಿಯಾಗಿ, ಹೊಳೆಯ ಸೊಕ್ಕು ಇಳಿದು, ಚಳಿಗಾಲದ ಕಡಲು ಶಾಂತವಾಗಿತ್ತು. ಬಂಡೆಗಳಿಂದ ಅಷ್ಟು ದೂರಕ್ಕೆ ಲಂಗರು ಬಿದ್ದಿತು.

ಡ್ರಿಲ್ ಮಾಸ್ತರರು ಗೆಳೆಯನನ್ನು ಬಿಟ್ಟು ನನಗೆ ಪಾಠ ಶುರು ಮಾಡಿದರು. ಬೇಟೆಗಾರರಿಗಿಂತ ನೋಡುವವನಿಗೇ ಹೆಚ್ಚು ಪಾಠವಿದ್ದುದು ನನಗೆ ವಿಚಿತ್ರವೆನಿಸಿತು. ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜು, ಕಾಲಿಗೆ ತೋಳುದ್ದದ ರೆಕ್ಕೆ, ಸೊಂಟಕ್ಕೆ ಸೀಸದ ಪಟ್ಟಿ, ಇವೆಲ್ಲ ಅವರಿಬ್ಬರ ಸಾಮಾನು. ಈಟಿಬಂದೂಕಿನಲ್ಲಿ ಮದ್ದಿಲ್ಲ; ದಪ್ಪ ರಬ್ಬರನ್ನು ಎಳೆದು ಸಿಕ್ಕಿಸಿದರೆ ಅದೇ ಉಕ್ಕಿನ ಸಲಾಕೆಯನ್ನು ಚಿಮ್ಮುತ್ತದೆ, ಸಲಾಕೆಗೆ ದಾರ ಕಟ್ಟಿರುತ್ತದೆ. ಅದನ್ನು ನೀರಿಗೆ ಇಳಿದ ಮೇಲೆಯೇ ಹೂಡಬೇಕು, ದೋಣಿಯಲ್ಲಿ ಎಂದಿಗೂ ಇಲ್ಲ. ನನಗೆ ಸಿಕ್ಕಿದ್ದು ಗಾಜು, ತೇಲುವ ಅಂಗಿ, ಹಿಡಿದುಕೊಳ್ಳಲು ಕೆಂಪು ಬಾವುಟದ ಒಂದು ತೇಲುಬುರುಡೆ. ನಲವತ್ತು ದಾಟಿದ ಮೇಲೆ ಮತ್ತೆ ಬುರುಡೆಯೇ ಗತಿಯಾಯಿತಲ್ಲ ಎಂದು ನಕ್ಕೆ. ಮಾಸ್ತರರು ನಗಲಿಲ್ಲ.

“ಒಬ್ಬರು ಕೆಳಗೆ, ಒಬ್ಬರು ಮೇಲೆ. ಇಬ್ಬರೂ ಒಟ್ಟಿಗೆ ಮುಳುಗೂದಿಲ್ಲ. ಮುಳುಗಿದವರು ಮೇಲೆ ಬಂದ ಕೂಡಲೆ ನಿಮ್ಮ ಕೆಲಸ ಮುಗೀಲಿಲ್ಲ ಸರ್, ಆಗ ಶುರು. ಮುವ್ವತ್ತು ಎಣಿಸೂವರೆಗೆ ಅವರ ಮುಖದಿಂದ ಕಣ್ಣು ತೆಗೀಬಾರದು.”

ಮೇಲೆ ಬಂದವನನ್ನು ಕಾಯುವುದೇಕೆಂದು ಕೇಳಿದೆ. ಅವರು ಹೇಳಿದುದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಉಸಿರು ಬಿಗಿಹಿಡಿದಾಗ ಎದೆ ಬಡಿದುಕೊಂಡು ಗಾಳಿ ಬೇಡುವುದು ಆಮ್ಲಜನಕ ತೀರಿತೆಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿತೆಂದು. ಅದು ಗಂಟೆ ಬಾರಿಸುವ ಜವಾನನಿದ್ದಂತೆ. ಕೆಲವರು ಮುಳುಗುವ ಮುನ್ನ ಬುಸುಬುಸು ಎಂದು ಹತ್ತಿಪ್ಪತ್ತು ಸಲ ಉಸಿರಾಡಿ, ಹೆಚ್ಚು ಗಾಳಿ ತುಂಬಿಕೊಂಡೆವೆಂದು ತಿಳಿಯುತ್ತಾರೆ. ತುಂಬಿಕೊಂಡದ್ದು ಅಷ್ಟೇನಿಲ್ಲ, ಜವಾನನನ್ನು ರಜೆಯ ಮೇಲೆ ಕಳಿಸಿದರು, ಅಷ್ಟೆ. ಗಂಟೆಯಾಗದೆ ತರಗತಿ ನಡೆಯುತ್ತಲೇ ಹೋಗುತ್ತದೆ. ಇನ್ನೊಂದು ಮೋಸವೂ ಇದೆ. ಹತ್ತು ಮೀಟರು ಕೆಳಗೆ ಒತ್ತಡ ಇಮ್ಮಡಿ, ಎದೆಯಲ್ಲಿಯ ಗಾಳಿ ಹಿಂಡಿ ಅರ್ಧವಾಗುತ್ತದೆ. ಆ ಒತ್ತಡ ಇರುವವರೆಗೆ ಉಳಿದಿರುವ ತುಸು ಆಮ್ಲಜನಕವೂ ರಕ್ತಕ್ಕೆ ಸಲ್ಲುತ್ತಿರುತ್ತದೆ. ಮೇಲೆ ಮೇಲೆ ಬಂದಂತೆ ಒತ್ತಡ ಇಳಿದು, ಇದ್ದದ್ದೂ ಸಾಲದಾಗುತ್ತದೆ. ಆದ್ದರಿಂದ ಪ್ರಜ್ಞೆ ತಪ್ಪುವುದು ಆಳದಲ್ಲಿ ಅಪರೂಪ. ಕೊನೆಯ ಕೆಲವು ಮಾರುಗಳಲ್ಲಿ, ಅಥವಾ ತಲೆ ಹೊರಗೆ ಬಂದ ಮೇಲೆ. ಬಿಸಿಲು ಕಂಡು, ನಕ್ಕು, ಆಮೇಲೆ ಮುಳುಗುತ್ತಾರೆ.

ಬಾವಿಯಲ್ಲಿ ಈಸು ಕಲಿತ ನಮಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಒಂಟಿಯಾಗಿ ಮುಳುಗಬಾರದೆಂಬ ಮಾತು ಶಾಸ್ತ್ರಕ್ಕಿಂತ ಹಳೆಯದು. ಕೊರಿಯಾದ ಜೇಜು ದ್ವೀಪದಲ್ಲಿ ಕಡಲ ತಳದಿಂದ ಚಿಪ್ಪು, ಪಾಚಿ ಕಿತ್ತು ತರುವ ಹೆಣ್ಣುಮಕ್ಕಳಿದ್ದಾರೆ. ಬಹುಮಂದಿ ಅರುವತ್ತು ದಾಟಿದವರು. ಅವರ ಸಂಪ್ರದಾಯವನ್ನು ೨೦೧೬ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಗುಂಪಾಗಿಯೇ ಇಳಿಯುತ್ತಾರೆ, ಮೇಲೆ ಬಂದವಳು ಸಿಳ್ಳಿನಂಥ ದನಿಯಲ್ಲಿ ಉಸಿರು ಬಿಡುತ್ತಾಳೆ. ಆಗ್ನೇಯ ಏಷ್ಯದ ಬಜಾವು ಎಂಬ ಕಡಲಲೆಮಾರಿಗಳ ಗುಲ್ಮ ನೆಲದ ನೆರೆಹೊರೆಯವರದಕ್ಕಿಂತ ಅರ್ಧದಷ್ಟು ದೊಡ್ಡದೆಂದು ೨೦೧೮ರಲ್ಲಿ ವಿಜ್ಞಾನಿಗಳು ಕಂಡರು. ತಲೆತಲಾಂತರದ ಮುಳುಗು ಅವರ ಒಡಲನ್ನೇ ತಿದ್ದಿದೆ. ನಮಗೆ ಹತ್ತಿರದ ಮನ್ನಾರಿನ ಕಡಲಲ್ಲಿ ಮುತ್ತಿನ ಚಿಪ್ಪಿಗಾಗಿ ಕಾಲಿಗೆ ಕಲ್ಲಿನ ಭಾರ ಹಿಡಿದು ಇಳಿಯುತ್ತಿದ್ದರು. ಇಳಿದವನ ಹಗ್ಗ ದೋಣಿಯಲ್ಲಿದ್ದವನ ಕೈಯಲ್ಲಿ. ಆ ಹಗ್ಗವನ್ನು ಇಳಿದವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕೆಂದು ಅಲ್ಲಿ ಹೇಳುವುದುಂಟು. ಸ್ವಂತ ಅಣ್ಣತಮ್ಮಂದಿರಿಗೆ ಆಸ್ತಿಯ ಪಾಲಿನ ಯೋಚನೆ ಬಂದೀತು. ಭಾವಮೈದುನನಿಗೆ ತಂಗಿಯ ತಾಳಿಯದೇ ಯೋಚನೆ. ಹಗ್ಗ ಹಿಡಿದ ಕೈಗೆ ಇದಕ್ಕಿಂತ ಒಳ್ಳೆಯ ಜಾಮೀನು ಯಾವ ವಕೀಲನೂ ಬರೆಯಲಾರ.

ನನಗೆ ನೆನಪಾದವನು ದುರ್ಯೋಧನ. ಕಾವ್ಯ ಪಾಠ ಹೇಳುವವನಿಗೆ ನೀರೊಳಗಿನ ಮನುಷ್ಯನೆಂದರೆ ಅವನೇ. ೧೯೯೭ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದು ಆಮೇಲೆ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳದ ರನ್ನ, ಭೀಮನ ಗರ್ಜನೆಗೆ ಕೊಳದ ತಳದಲ್ಲಿದ್ದವನ ಮೈಯೂ ಬೆವರಿದ್ದನ್ನು ಬಣ್ಣಿಸಿದ್ದಾನೆ. ವರ್ಷ ವರ್ಷವೂ ವಿದ್ಯಾರ್ಥಿಗಳು ಕೇಳುತ್ತಾರೆ: ಜಲಸ್ತಂಭನ ವಿದ್ಯೆ ಬಲ್ಲವನು ಯಾಕೆ ಸಿಕ್ಕಿಬಿದ್ದ? ವಿದ್ಯೆಯಲ್ಲಿ ಕೊರತೆಯೇನೂ ಇರಲಿಲ್ಲ. ವ್ಯಾಸರ ಕಥೆಯಲ್ಲಿ ದಡದ ಮೇಲಿದ್ದ ಅಶ್ವತ್ಥಾಮ, ಕೃಪ, ಕೃತವರ್ಮರು ಪಾಂಡವರು ಬರುವ ಸದ್ದು ಕೇಳಿ ದೂರ ಸರಿದು ಆಲದ ಮರದ ಕೆಳಗೆ ಕೂತರು. ಮೇಲಿರಬೇಕಾದವರು ನೆರಳಿಗೆ ಹೋದಮೇಲೆ ಕೆಳಗಿದ್ದವನ ವಿದ್ಯೆ ಎಷ್ಟೆಂದರೇನು?

ಬೇಟೆ ಶುರುವಾಯಿತು. ನಾನು ಬುರುಡೆ ಹಿಡಿದು, ಮುಖ ನೀರಿಗಿಟ್ಟು ತೇಲಿದೆ. ಬಾವಿಯ ನೀರು ಕಪ್ಪು. ಇಲ್ಲಿ ಹಸಿರು ಮಬ್ಬಿನ ಕೆಳಗೆ ಬಂಡೆಗಳ ಊರೇ ಇತ್ತು. ಗೆಳೆಯ ಎರಡು ನಿಮಿಷ ಅಲುಗದೆ ತೇಲಿ, ಒಂದು ದೊಡ್ಡ ಉಸಿರು ಎಳೆದು, ಸೊಂಟ ಮಡಿಸಿ ತಲೆ ಕೆಳಗಾಗಿ ಜಾರಿದ. ಮೂವತ್ತಡಿಯ ಆಳದಲ್ಲಿ ಬಂಡೆಯನ್ನು ಅಪ್ಪಿ ಮಲಗಿದ. ಓಡಿಸಿಕೊಂಡು ಹೋಗುವ ಬೇಟೆಯಲ್ಲ ಇದು. ಸುಮ್ಮನಿದ್ದವನ ಬಳಿ ಮೀನೇ ಕುತೂಹಲದಿಂದ ಬರುತ್ತದೆ. ಬಂದ ಎರಡನ್ನು ಅವನು ಬಿಟ್ಟ. ಗುರಿಯಿಡುವ ಮುನ್ನ ಮೀನಿನ ಜಾತಿ, ಅಳತೆ ತಿಳಿದಿರಬೇಕಂತೆ. ೧೯೭೨ರ ವನ್ಯಜೀವಿ ಕಾಯಿದೆಯ ರಕ್ಷಣೆ ಹುಲಿ ಆನೆಗಳಿಗಷ್ಟೇ ಅಲ್ಲ. ೨೦೦೧ರಲ್ಲಿ ತಿಮಿಂಗಿಲ ಶಾರ್ಕು, ಕಡಲಕುದುರೆ, ಹವಳ, ಮುರುಮೀನಿನಲ್ಲೇ ಅತಿ ದೊಡ್ಡ ಜಾತಿ ಇವೂ ಅದರ ನೆರಳಿಗೆ ಬಂದವು. ಬಲೆಗೆ ಓದು ಬರುವುದಿಲ್ಲ, ಸಿಕ್ಕಿದ್ದನ್ನೆಲ್ಲ ಬಾಚುತ್ತದೆ. ಈಟಿ ಹಿಡಿದವನು ಓದಬೇಕು. ಹಾಗಿದ್ದರೂ ಮೊದಲ ಮೀನು ಸಲಾಕೆಯ ಮೇಲೆ ಒದ್ದಾಡುತ್ತ ಬಂದಾಗ ನಾನು ಬೇರೆ ಕಡೆ ನೋಡಿದೆ. ಮಾಸ್ತರರು ಕ್ಷಣದಲ್ಲಿ ಅದರ ಸಂಕಟ ಮುಗಿಸಿದರು. ಅದನ್ನು ಸರಿಯೆಂದೂ ಹೇಳಲಾರೆ, ಅನ್ನದ ತಟ್ಟೆಯ ಮುಂದೆ ಕೂತವರೆಲ್ಲ ಯಾರನ್ನೋ ಮುಂದಿಟ್ಟುಕೊಂಡೇ ಉಣ್ಣುತ್ತೇವೆಂಬುದನ್ನು ಮರೆಯಲೂ ಆರೆ.

ಹತ್ತು ಗಂಟೆಯ ಹೊತ್ತಿಗೆ ಒಂದು ಒಳ್ಳೆಯ ಮುರು ಸಂದಿನಲ್ಲಿ ಹೊಕ್ಕಿತು. ಗೆಳೆಯ ಎರಡು ಸಲ ಇಳಿದು ಬರಿಗೈಯಲ್ಲಿ ಬಂದ. ಮೂರನೆಯ ಸಲ ಮಾಸ್ತರರು ನನ್ನ ಪಕ್ಕದಲ್ಲೇ ಇದ್ದು ಎಣಿಸಿದರು. ಒಂದು ನಿಮಿಷ ಇಪ್ಪತ್ತು ಸೆಕೆಂಡಾಯಿತು. ಸಲಾಕೆಯ ದಾರ ಬಿಗಿಯಿತು, ಗೆಳೆಯ ಮೇಲೆ ಬರತೊಡಗಿದ. ಅವನು ತಲೆ ಎತ್ತಿ, ಗಾಳಿ ಎಳೆದು, ಬೆರಳುಗಳನ್ನು ಉಂಗುರ ಮಾಡಿ ಸರಿಯಿದ್ದೇನೆಂದು ತೋರಿಸಿದ, ನಕ್ಕ ಕೂಡ. ಬಂಡೆಯ ಸಂದಿಗೆ ಸಿಕ್ಕಿದ ದಾರವನ್ನು ಬಿಡಿಸಲು ಮಾಸ್ತರರು ಅತ್ತ ತಿರುಗಿದರು. ನಾನು ಹೇಳಿಕೊಟ್ಟಂತೆ ಮುಖ ನೋಡುತ್ತ ಎಣಿಸುತ್ತಿದ್ದೆ. ಐದು, ಆರು, ಏಳು. ತುಟಿ ನೇರಳೆಯ ಬಣ್ಣಕ್ಕೆ ತಿರುಗಿದ್ದು ಕಂಡಿತು. ಎಂಟಕ್ಕೆ ಅವನ ಕತ್ತು, ರಾತ್ರಿಯ ಬಸ್ಸಿನಲ್ಲಿ ತೂಕಡಿಸುವವನ ಕತ್ತಿನಂತೆ, ಮೆಲ್ಲಗೆ ಮುಂದಕ್ಕೆ ಬಾಗಿತು. ಸದ್ದಿಲ್ಲ, ಒದ್ದಾಟವಿಲ್ಲ. ಮುಖ ನೀರಿಗೆ ಹೋಯಿತು.

ಗದ್ದ ಹಿಡಿದು ಮೇಲೆತ್ತಿದೆ. ಗಾಜು ಕಿತ್ತೆ. ಮಾಸ್ತರರನ್ನು ಕೂಗಿದೆ. ಮುಖದ ಮೇಲೆ ಗಾಳಿ ಊದಿ, ಕೆನ್ನೆ ತಟ್ಟಿ, “ಉಸಿರು ತಗೋ, ಲೇ, ಉಸಿರು ತಗೋ” ಎಂದೆ. ನನ್ನ ಬಾಯಿಂದ ಬಂದದ್ದು ಅವನ ಬ್ಯಾಂಕಿನ ಹೆಸರಲ್ಲ, ಬಾವಿಯಲ್ಲಿ ಕೂಗುತ್ತಿದ್ದ ಅಡ್ಡಹೆಸರು. ಐದಾರು ಸೆಕೆಂಡಿನಲ್ಲಿ ಅವನು ಗೊರಕೆಯಂಥ ಸದ್ದು ಮಾಡಿ ಗಾಳಿ ಎಳೆದ, ಕಣ್ಣು ಬಿಟ್ಟ. “ಯಾಕ ಹೊಯ್ಕೊಳ್ಳಾಕತ್ತಿ? ಆರಾಮ ಅದೀನಿ” ಎಂದ. ಪ್ರಜ್ಞೆ ತಪ್ಪಿದ್ದೇ ಅವನಿಗೆ ಗೊತ್ತಿರಲಿಲ್ಲ. ಮಾಸ್ತರರು ಬಂದು ಮತ್ತೊಂದು ತೋಳು ಹಿಡಿದರು. ಮುರು ದಾರದ ತುದಿಯಲ್ಲಿ ತನ್ನಷ್ಟಕ್ಕೆ ತೇಲುತ್ತಿತ್ತು. ಅದರ ಕಡೆ ಯಾರ ಗಮನವೂ ಇರಲಿಲ್ಲ.

ಒಮ್ಮೆ ಹೀಗಾದವನು ಆ ದಿನ ಮತ್ತೆ ಇಳಿಯಬಾರದು. ಇನ್ನೊಂದೇ ಸಲವೆಂದು ಗೆಳೆಯ ಅಂದದ್ದುಂಟು. ತಾಂಡೇಲರು ಉತ್ತರ ಕೊಡದೆ ಲಂಗರು ಎತ್ತಿದರು.

ಮರಳುವಾಗ ಯಂತ್ರದ ಸದ್ದಿನಲ್ಲಿ ಗೆಳೆಯ ನನ್ನ ಕಿವಿಯ ಹತ್ತಿರ ಬಂದ. “ಮನ್ಯಾಗ ಹೇಳಬ್ಯಾಡ.” ನಾನು ಕಡಲನ್ನು ನೋಡಿದೆ. ಬಾಲ್ಯದಲ್ಲಿ ನಾವಿಬ್ಬರೂ ಮನೆಯಲ್ಲಿ ಹೇಳದ ಸಂಗತಿಗಳ ದೊಡ್ಡ ಗಂಟೇ ಇದೆ. ಗೆಳೆತನವೆಂದರೆ ಒಂದು ಬಗೆಯಲ್ಲಿ ಆ ಗಂಟೇ. ಆದರೆ ಕೈಯಲ್ಲಿ ಅವನ ಗದ್ದದ ತೂಕ ಇನ್ನೂ ಇತ್ತು. ಅವನ ನಗುವ ಮುಖ ಎಂಟು ಎಣಿಸುವುದರೊಳಗೆ ಯಾರದೋ ಮುಖವಾದದ್ದನ್ನು ನೋಡಿದವನು ನಾನೊಬ್ಬನೇ, ಅವನೂ ನೋಡಿಲ್ಲ. ನಾನು ಸುಮ್ಮನಿದ್ದರೆ ಅದು ನಡೆದೇ ಇಲ್ಲ. ಮುಂದಿನ ಭಾನುವಾರ ಅವನು ಒಬ್ಬನೇ ಇಳಿಯಲು ಅಷ್ಟು ಸಾಕು. “ನೀನs ಹೇಳು,” ಎಂದೆ. “ನೀ ಹೇಳದಿದ್ರ ಊಟಕ್ಕ ಕುಂತಾಗ ನಾ ಹೇಳತೀನಿ.” ದಡ ಬರುವವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ.

ದಡದಲ್ಲಿ ತಾಂಡೇಲರು ಮೀನು ಹಂಚಿದರು. ದೋಣಿಗೊಂದು ಪಾಲು, ಹೊಡೆದವರಿಗೆ ಪಾಲು. ಕೊನೆಗೆ ಒಂದು ಮೀನನ್ನು ತೆಂಗಿನ ಗರಿಯಲ್ಲಿ ಸಿಕ್ಕಿಸಿ ನನ್ನ ಮುಂದೆ ಹಿಡಿದರು. ನಾನು ತಿನ್ನುವುದಿಲ್ಲವೆಂದೆ. “ತಿಂಬೂದು ಬಿಡೂದು ನಿಮ್ಮ ಮರ್ಜಿ. ಮೇಲಿದ್ದವರ ಪಾಲು ಇದು, ಬೇಡ ಅಂಬ ಹಾಗಿಲ್ಲ,” ಎಂದರು. ಕೈಯಲ್ಲಿ ಮೀನು ತೂಗುತ್ತ ದಡದ ಮೇಲೆ ನಿಂತ ಹಳಗನ್ನಡದ ಅಧ್ಯಾಪಕನನ್ನು ನಮ್ಮ ಪೇಟೆಯವರು ಯಾರೂ ಕಾಣಲಿಲ್ಲವೆಂಬುದೇ ಸಮಾಧಾನ. ಅದನ್ನು ತಾಂಡೇಲರ ಮನೆಗೇ ಮುಟ್ಟಿಸಿದೆ. ಅವರ ಮನೆಯಾಕೆ ಬರಿಗೈಯಲ್ಲಿ ಕಳಿಸಬಾರದೆಂದು ಒಣಗಿದ ಮುರುಗಲ ಸಿಪ್ಪೆಯ ಪೊಟ್ಟಣ ಕೊಟ್ಟರು. ಬೇಸಿಗೆಯಲ್ಲಿ ಅದರ ಸಾರು ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು.

ಊಟಕ್ಕೆ ಕೂತಾಗ ಗೆಳೆಯ ತಾನಾಗಿಯೇ ಹೇಳಿದ. ತಲೆ ತಗ್ಗಿಸಿ, ತಟ್ಟೆಯನ್ನು ನೋಡುತ್ತ, ನಾಲ್ಕೇ ಮಾತಿನಲ್ಲಿ. ಅವನ ಹೆಂಡತಿ ನಮ್ಮ ಕಡೆಯ ಹೆಣ್ಣುಮಗಳು, ಬಬಲೇಶ್ವರದವಳು. ಅವಳು ಅಳಲಿಲ್ಲ, ಗದ್ದಲ ಮಾಡಲಿಲ್ಲ. ಬಡಿಸುವ ಸೌಟನ್ನು ಕೆಳಗಿಟ್ಟಳು. “ಮ್ಯಾಲ ಯಾರಿದ್ರು?” ಎಂದು ಕೇಳಿದಳು. ಗೆಳೆಯ ನನ್ನತ್ತ ತೋರಿಸಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಗಂಡನಿಗೆ ಹೇಳಿದಳು: “ಕಡಲಿಗೆ ಹೋಗಬ್ಯಾಡ್ರಿ ಅನ್ನೂದಿಲ್ಲ ನಾ. ಅಂದ್ರ ನೀವು ಕೇಳವರೂ ಅಲ್ಲ. ಆದರ ಇನ್ನ ಮುಂದ ಅಣ್ಣಾರು ಬಂದಾಗ ಹೋಗ್ರಿ.”

ಅಣ್ಣಾರು ಎಂದು ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಗಂಡನ ಗೆಳೆಯರನ್ನು ಕರೆಯುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೂ ಮನ್ನಾರಿನ ಹಗ್ಗ ನನ್ನ ಕೈಗೆ ಬಂದಂತಾಯಿತು. ನಮ್ಮ ಕಾಲೇಜಿನ ರಜೆಯ ಪಟ್ಟಿಯ ಒಂದು ಪ್ರತಿ ಈಗ ಹೊನ್ನಾವರದ ಅವರ ಅಡಿಗೆಮನೆಯ ಗೋಡೆಯ ಮೇಲೆ ತೂಗುತ್ತಿದೆ. ಪರೀಕ್ಷೆಗಳು ಮುಂದಕ್ಕೆ ಹೋದರೆ ವಿದ್ಯಾರ್ಥಿಗಳಿಗಿಂತ ಮೊದಲು ಗೆಳೆಯನೇ ಫೋನು ಮಾಡಿ ಗೊಣಗುತ್ತಾನೆ.